ಕೊಳ್ಳುವುದು ಒಂದು ದಿನ, ಕೀ ಕೊಡುವುದು ದಿನದಿನ: ಓದುಗರ ವಾಚು ಪ್ರಶ್ನೆಗಳಿಗೆ ಉತ್ತರ

ದುಬಾರಿ ಕೈಗಡಿಯಾರ ಕೊಳ್ಳುವವರು, ಕೊಂಡವರು, ಮನೆಯ ಹಿರಿಯರಿಂದ ಪಡೆದವರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರವಿದೆ. ಬಹುತೇಕ ಪತ್ರಗಳು ಬೆಲೆಯಿಂದ ಶುರುವಾಗಿವೆ. ಉತ್ತರಗಳು ಮಾತ್ರ ಮತ್ತೆ ಮತ್ತೆ ಉಪಯೋಗ, ಸರ್ವಿಸ್ ಮತ್ತು ಜೋಪಾನದ ಕಡೆಗೇ ಹೊರಳಿವೆ. ವಾಚಿನ ಸಂಗ್ರಹ ಉಳಿಯುವುದೂ ಕೆಡುವುದೂ ಅಲ್ಲೇ.

ಪ್ರಶ್ನೆ: ಮೂರೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಒಂದೇ ಒಳ್ಳೆಯ ವಾಚು ಕೊಳ್ಳಲೇ, ಅಥವಾ ಎರಡು ಮೂರು ಕೊಂಡು ಸಂಗ್ರಹ ಆರಂಭಿಸಲೇ? ನನ್ನ ಮಣಿಕಟ್ಟು ಸಣ್ಣದು. — ಮೈಸೂರಿನ ಓದುಗರು

ಒಂದೇ ಕೊಳ್ಳಿ. ಅದರಲ್ಲೂ ಪೂರ್ತಿ ಹಣ ಹಾಕಬೇಡಿ, ನೂರಕ್ಕೆ ಹತ್ತರಿಂದ ಹದಿನೈದರಷ್ಟು ಪಕ್ಕಕ್ಕಿಡಿ. ಬ್ಯಾಟರಿಯಿಲ್ಲದೆ ಸ್ಪ್ರಿಂಗಿನಿಂದ ಓಡುವ ಮೆಕ್ಯಾನಿಕಲ್ ವಾಚಿನೊಳಗಿನ ಎಣ್ಣೆ ಕಾಲಕ್ರಮದಲ್ಲಿ ಒಣಗುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ರೋಲೆಕ್ಸ್‌ನಂಥ ಕೆಲವು ಕಂಪನಿಗಳು ತಮ್ಮ ಈಗಿನ ಮಾದರಿಗಳಿಗೆ ಸುಮಾರು ಹತ್ತು ವರ್ಷ ಎನ್ನುತ್ತವೆ. ಮೂರು ಮುಳ್ಳಿನ, ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಸಾದಾ ಆಟೊಮ್ಯಾಟಿಕ್‌ಗೂ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹತ್ತಾರು ಸಾವಿರ ತಗಲುತ್ತದೆ. ಸ್ಟಾಪ್‌ವಾಚ್ ಕೂಡಿದ ಕ್ರೋನೊಗ್ರಾಫ್ ಆದರೆ ಇನ್ನೂ ಹೆಚ್ಚು. ಮೂರು ವಾಚು ಕೊಂಡವರಿಗೆ ಈ ಖರ್ಚು ಮೂರು ಪಟ್ಟು, ಅದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುತ್ತದೆ. ಆಗ ಸರ್ವಿಸ್ ಮುಂದೂಡುತ್ತಾರೆ, ಒಣಗಿದ ಎಣ್ಣೆಯಲ್ಲೇ ವಾಚು ಓಡಿ ಚಕ್ರದ ಸೂಜಿತುದಿಗಳು ಸವೆಯುತ್ತವೆ.

ಅಳತೆಯ ವಿಷಯದಲ್ಲಿ ಎಲ್ಲರೂ ಎಡವುವುದು ವಾಚಿನ ವ್ಯಾಸ ಒಂದನ್ನೇ ನೋಡಿ. ಅದಕ್ಕಿಂತ ಮುಖ್ಯವಾದ ಅಂಕಿ, ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಇರುವ ಉದ್ದ. ಬೆಲ್ಟು ಸಿಕ್ಕಿಸುವ ಆ ನಾಲ್ಕು ಚಾಚುಗಳಿಗೆ ಅಂಗಡಿಯವರು ಲಗ್ ಎನ್ನುತ್ತಾರೆ. ನಿಮ್ಮ ಮಣಿಕಟ್ಟಿನ ಮೇಲ್ಭಾಗದ ಚಪ್ಪಟೆ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ. ಲಗ್‌ನಿಂದ ಲಗ್‌ಗೆ ಇರುವ ಉದ್ದ ಅದನ್ನು ಮೀರಬಾರದು. ಸುತ್ತಳತೆ 16ರಿಂದ 16.5 ಸೆಂ.ಮೀ. ಇರುವ ಕೈಗೆ 46 ಮಿ.ಮೀ. ಹಿತ, 48 ಮಿ.ಮೀ. ಕಡೆಯ ಮಿತಿ. ದಪ್ಪ 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಂಗಿಯ ತೋಳಿನೊಳಗೆ ಸಲೀಸಾಗಿ ಜಾರುತ್ತದೆ. ಕೈಗೆ ಹಾಕಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಫೋಟೊ ವಾಚನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಅಂಗಡಿಯಲ್ಲಿ ಇಪ್ಪತ್ತು ನಿಮಿಷವಾದರೂ ತೊಟ್ಟಿದ್ದು ನಂತರ ತೀರ್ಮಾನಿಸಿ.

ನಿಮ್ಮ ಮೊತ್ತದ ಆಸುಪಾಸಿನಲ್ಲಿ, ಕೆಲವು ಹೊಸದಾಗಿ, ಕೆಲವು ಒಬ್ಬರು ಬಳಸಿದ್ದಾಗಿ, ನೋಡಲೇಬೇಕಾದ ನಾಲ್ಕಿವೆ. ಟ್ಯೂಡರ್ ಬ್ಲ್ಯಾಕ್ ಬೇ 58: 39 ಮಿ.ಮೀ., 200 ಮೀಟರ್ ನೀರು ತಡೆ, ಒಮ್ಮೆ ಪೂರ್ತಿ ಕೀ ಕೊಟ್ಟರೆ 70 ಗಂಟೆ ಓಟ. ಲಾಂಜೀನ್ ಸ್ಪಿರಿಟ್: ಕ್ರೋನೊಮೀಟರ್ ಎಂಬ ನಿಖರತೆಯ ಪ್ರಮಾಣಪತ್ರ, ಸಮಯ ಹಿಡಿದಿಡುವ ಸಿಲಿಕಾನ್ ಹೇರ್‌ಸ್ಪ್ರಿಂಗ್. ನೋಮೊಸ್ ಟಾಂಜೆಂಟೆ: ಜರ್ಮನಿಯ ಗ್ಲಾಸ್‌ಹ್ಯೂಟೆ ಊರಿನಲ್ಲಿ ತಯಾರಾಗುವ, ಕೈಯಿಂದ ಕೀ ಕೊಡುವ ತೆಳು ವಾಚು, 35 ಮಿ.ಮೀ. ಮಾದರಿ ನಿಮ್ಮ ಕೈಗೆ ಒಪ್ಪುತ್ತದೆ. ನಾಲ್ಕನೆಯದು ಗ್ರ್ಯಾಂಡ್ ಸೈಕೊ, 9ಎಫ್ ಕ್ವಾರ್ಟ್ಜ್ ಯಂತ್ರದ್ದು. ಬ್ಯಾಟರಿ ವಾಚು ಎಂದು ತಳ್ಳಿಹಾಕಬೇಡಿ, ಅದರ ವ್ಯತ್ಯಾಸ ವರ್ಷಕ್ಕೆ ಹೆಚ್ಚೆಂದರೆ 10 ಸೆಕೆಂಡು. ನಮ್ಮ ಆಯ್ಕೆ ಕೇಳುವುದಾದರೆ, ದಿನಾ ಒಂದೇ ವಾಚು ತೊಡುವವರಿಗೆ ಟ್ಯೂಡರ್.

ಸ್ಟೀಲ್ ಚೈನಿನ ಜೊತೆಗೇ ಕೊಳ್ಳಿ. ಚರ್ಮದ ಬೆಲ್ಟಿನದನ್ನು ಕೊಂಡು ಆಮೇಲೆ ಕಂಪನಿಯ ಚೈನ್ ತರಿಸಿದರೆ ತುಂಬ ದುಬಾರಿಯಾಗುತ್ತದೆ. ಕೈಗೆ ಸರಿಹೊಂದಿಸಲು ತೆಗೆದ ಕೊಂಡಿಗಳನ್ನು, ಅವುಗಳ ತಿರುಪುಗಳನ್ನು ಅಂಗಡಿಯಿಂದ ಮರೆಯದೆ ಕೇಳಿ ತನ್ನಿ. ಮುಂದೊಂದು ದಿನ ಮಾರುವಾಗ ಎರಡು ಕೊಂಡಿ ಇಲ್ಲದಿದ್ದರೂ ಬೆಲೆ ಇಳಿಯುತ್ತದೆ.

ಪ್ರಶ್ನೆ: ನನ್ನ ಆಟೊಮ್ಯಾಟಿಕ್ ವಾಚು ಎರಡು ವರ್ಷ ಸರಿಯಾಗಿ ನಡೆದು, ಹೋದ ವಾರದಿಂದ ದಿನಕ್ಕೆ ಏಳೆಂಟು ನಿಮಿಷ ಮುಂದೆ ಓಡುತ್ತಿದೆ. ಬಿದ್ದಿಲ್ಲ, ಒದ್ದೆಯಾಗಿಲ್ಲ. ಸರ್ವಿಸ್ ಮಾಡಿಸಬೇಕೇ? ಎಷ್ಟು ವ್ಯತ್ಯಾಸ ಸಹಜ? — ಹುಬ್ಬಳ್ಳಿಯ ಓದುಗರು

ಬಿಚ್ಚಿಸುವ ಮೊದಲು ಅಯಸ್ಕಾಂತದ ಪರೀಕ್ಷೆ ಮಾಡಿ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡುವುದು ಹೆಚ್ಚಿನ ಸಲ ಅದರ ಲಕ್ಷಣ. ಸಮಯವನ್ನು ಹಿಡಿದಿಡುವುದು, ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ಸುತ್ತಿರುವ ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್. ಅದಕ್ಕೆ ಕಾಂತತ್ವ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾಗಿ ಚಕ್ರ ಬೇಗ ಬೇಗ ತೂಗುತ್ತದೆ. ಟ್ಯಾಬ್ಲೆಟ್ಟಿನ ಮಡಚುವ ಕವರು, ಹ್ಯಾಂಡ್‌ಬ್ಯಾಗಿನ ಗುಂಡಿ, ಸ್ಪೀಕರು, ಫೋನಿನ ಹಿಂದಿನ ಅಯಸ್ಕಾಂತದ ಚಾರ್ಜರು, ಇಂಡಕ್ಷನ್ ಒಲೆ, ಇವೆಲ್ಲ ಸಾಮಾನ್ಯ ಕಾರಣಗಳು. ರಾತ್ರಿ ವಾಚನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಮಲಗುವ ಅಭ್ಯಾಸವಿದ್ದರೆ ಬಿಡಿ.

ಒಂದು ಸಾದಾ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು, ವಾಚನ್ನು ಅದರ ಪಕ್ಕದಲ್ಲಿ ನಿಧಾನ ಸರಿಸಿ. ಒಂದು ಜಾಗದಲ್ಲಿ ಸೂಜಿ ಥಟ್ಟನೆ ಅಲುಗಿದರೆ ಕಾಂತತ್ವ ಇದೆ. ಕಾಂತತ್ವ ಕಳೆಯುವ ಪುಟ್ಟ ಯಂತ್ರ ಒಳ್ಳೆಯ ವಾಚ್ ರಿಪೇರಿ ಅಂಗಡಿಗಳಲ್ಲಿ ಇರುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ ಹಿಡಿಯಿರಿ. ಹಿಡಿದಿರುವಂತೆಯೇ ವಾಚನ್ನು ನೇರ ಮೇಲಕ್ಕೆ, ನಿಧಾನವಾಗಿ, ಮೊಣಕೈ ಉದ್ದದಷ್ಟು ಎತ್ತಿ. ದೂರ ಹೋದ ಮೇಲೆಯೇ ಗುಂಡಿ ಬಿಡಿ. ವಾಚು ಹತ್ತಿರವಿದ್ದಾಗ ಬಿಟ್ಟರೆ ಕಾಂತತ್ವ ಕಳೆಯುವ ಬದಲು ಹೆಚ್ಚುತ್ತದೆ. ಮನೆಯಲ್ಲಿ ಮಾಡಿಕೊಳ್ಳುವವರು ಕೆಡಿಸುವುದು ಇಲ್ಲೇ. ಒಂದೆರಡು ಸಲ ಮಾಡಿ, ಒಂದು ದಿನ ಸಮಯ ನೋಡಿ.

ಅದರಿಂದಲೂ ಸರಿಹೋಗದಿದ್ದರೆ ಟಿಕ್ ಸದ್ದಿನಿಂದ ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲೆ ಇಡಿಸಿ, ಮೂರು ಅಂಕಿಗಳನ್ನು ಬರೆಸಿಕೊಳ್ಳಿ. ಮೊದಲನೆಯದು ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ. ಎರಡನೆಯದು ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ತೂಗುವ ಕೋನ: ಪೂರ್ತಿ ಕೀ ಕೊಟ್ಟು ಡಯಲ್ ಮೇಲೆ ಮಾಡಿಟ್ಟಾಗ 270ರಿಂದ 310 ಡಿಗ್ರಿ ಆರೋಗ್ಯಕರ, ವಾಚನ್ನು ನಿಲ್ಲಿಸಿ ಹಿಡಿದಾಗ ಇಪ್ಪತ್ತು ಮೂವತ್ತು ಡಿಗ್ರಿ ಕಡಿಮೆಯಾಗುವುದು ಸಹಜ. 200ಕ್ಕಿಂತ ಕೆಳಗಿಳಿದಿದ್ದರೆ ಎಣ್ಣೆ ಒಣಗಿದೆ ಅಥವಾ ಕೊಳೆ ಕೂತಿದೆ, ಸರ್ವಿಸ್ ಬೇಕು. ಮೂರನೆಯದು ಬೀಟ್ ಎರರ್, ಟಿಕ್ ಮತ್ತು ಟಾಕ್‌ಗಳ ನಡುವಿನ ಅಸಮ, 0.8 ಮಿಲಿಸೆಕೆಂಡಿನೊಳಗಿದ್ದರೆ ಚಿಂತೆ ಬೇಡ. ಟೈಮ್‌ಗ್ರಾಫರ್‌ನಲ್ಲಿ ಲಿಫ್ಟ್ ಆಂಗಲ್ ಎಂಬ ಸಂಖ್ಯೆಯನ್ನು ಆ ವಾಚಿನ ಯಂತ್ರಕ್ಕೆ ತಕ್ಕಂತೆ ಇಡದಿದ್ದರೆ ಆಂಪ್ಲಿಟ್ಯೂಡ್ ಸುಳ್ಳು ತೋರಿಸುತ್ತದೆ. ಬಹಳಷ್ಟು ಸ್ವಿಸ್ ಯಂತ್ರಗಳಿಗೆ 52 ಡಿಗ್ರಿ ನಡೆಯುತ್ತದೆ, ಎಲ್ಲಕ್ಕೂ ಅಲ್ಲ. ಒಮೆಗಾದ ಕೋ-ಆಕ್ಸಿಯಲ್ ಯಂತ್ರಗಳದ್ದು ಬೇರೆಯೇ.

ಎಷ್ಟು ವ್ಯತ್ಯಾಸ ಸಹಜ ಎಂದೂ ಕೇಳಿದ್ದೀರಿ. ಸ್ವಿಸ್ ಕ್ರೋನೊಮೀಟರ್ ಪರೀಕ್ಷೆಯಲ್ಲಿ ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 3 ತಾಪಮಾನಗಳಲ್ಲಿ ನೋಡುತ್ತಾರೆ. ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಇದ್ದರೆ ಪಾಸು. ರೋಲೆಕ್ಸ್ ತನ್ನದಕ್ಕೆ 2 ಸೆಕೆಂಡು ಹಿಂದೆ ಮುಂದೆ ಎಂಬ ಮಿತಿ ಇಟ್ಟುಕೊಂಡಿದೆ. ಒಮೆಗಾ ಮಾಸ್ಟರ್ ಕ್ರೋನೊಮೀಟರ್ ಹಿಂದೆ ಬೀಳುವಂತಿಲ್ಲ, 5 ಸೆಕೆಂಡಿನವರೆಗೆ ಮುಂದೆ ಓಡಬಹುದು. 15,000 ಗಾಸ್ ಕಾಂತಕ್ಷೇತ್ರವನ್ನೂ ತಾಳಬೇಕು. ನಿಮ್ಮ ತೊಂದರೆ ಪದೇಪದೇ ಬಂದರೆ ಮುಂದಿನ ವಾಚು ಅಂಥದ್ದಿರಲಿ.

ಪ್ರಶ್ನೆ: ಇಷ್ಟು ಹಣ ಕೊಡುವುದು ಯಾವುದಕ್ಕೆ? ಹತ್ತು ಸಾವಿರದ ವಾಚೂ ಅದೇ ಸಮಯ ತೋರಿಸುತ್ತದಲ್ಲ? ನೋಡುವುದು ಹೇಗೆಂದು ಕಲಿಸಿ. — ಧಾರವಾಡದ ಓದುಗರು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್, ಅಂದರೆ ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವ ಮಸೂರ, ಕೊಂಡುಕೊಳ್ಳಿ. ಮೊದಲು ಮುಳ್ಳುಗಳನ್ನು ನೋಡಿ. ಅಗ್ಗದ ವಾಚಿನ ಮುಳ್ಳು ತಗಡಿನಿಂದ ಒತ್ತಿ ಕತ್ತರಿಸಿದ್ದು, ಅಂಚು ಒರಟಾಗಿರುತ್ತದೆ. ಗ್ರ್ಯಾಂಡ್ ಸೈಕೊ ಮುಳ್ಳಿನ ಒಂದೊಂದು ಮುಖವೂ ಚಾಕುವಿನಂತೆ ಚೂಪಾಗಿ ಸಂಧಿಸುತ್ತದೆ, ಮಂದ ಬೆಳಕಿನಲ್ಲೂ ಒಂದು ಮುಖ ಹೊಳೆದು ಇನ್ನೊಂದು ಕಪ್ಪಾಗುತ್ತದೆ. ಅವರ ಕೇಸಿನ, ಅಂದರೆ ವಾಚಿನ ಹೊರಕವಚದ, ಕನ್ನಡಿಯಂಥ ಸಮತಲಕ್ಕೆ ಜರಾತ್ಸು ಪಾಲಿಶ್ ಎನ್ನುತ್ತಾರೆ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಅದರ ಮೇಲೆ ಹಾಯಿಸಿ: ಗೆರೆ ಎಲ್ಲೂ ಅಲೆಯಾಗದೆ ನೇರ ಹೋಗಬೇಕು.

ನೀಲಿ ಮುಳ್ಳು, ನೀಲಿ ತಿರುಪುಗಳಲ್ಲಿ ಎರಡು ಬಗೆ. ಉಕ್ಕನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಹಳದಿ, ಕಂದು, ನೇರಳೆ ದಾಟಿ ನೀಲಿ ಬಣ್ಣ ಬರುತ್ತದೆ. ಕೆಲವು ಕ್ಷಣ ತಡವಾದರೆ ಬೂದಿಬಣ್ಣಕ್ಕೆ ಹೊರಳಿ ಕೆಲಸ ಕೆಡುತ್ತದೆ. ಹೀಗೆ ಬೇಯಿಸಿದ ನೀಲಿ ಒಂದು ಕೋನದಲ್ಲಿ ಕಪ್ಪಾಗಿ, ಇನ್ನೊಂದರಲ್ಲಿ ಮಿಂಚುವ ನೀಲಿಯಾಗಿ ಕಾಣುತ್ತದೆ. ಬಣ್ಣ ಬಳಿದದ್ದು ಎಲ್ಲ ಕೋನದಲ್ಲೂ ಒಂದೇ ನೀಲಿ. ಈ ಒಂದು ವ್ಯತ್ಯಾಸ ಕಣ್ಣಿಗೆ ಹಿಡಿದ ದಿನದಿಂದ ನಿಮಗೆ ವಾಚು ನೋಡುವ ರುಚಿ ಹತ್ತುತ್ತದೆ.

ನಂತರ ಹಿಂಬದಿ ಗಾಜಿನೊಳಗೆ ನೋಡಿ. ಯಂತ್ರದ ಮೇಲಿನ ಫಲಕಗಳ ಅಂಚನ್ನು ಓರೆಯಾಗಿ ಕೆತ್ತಿ ಹೊಳಪು ಕೊಟ್ಟಿರುತ್ತಾರೆ, ಇದಕ್ಕೆ ಆಂಗ್ಲಾಜ್ ಎಂದು ಹೆಸರು. ಎರಡು ಓರೆ ಅಂಚುಗಳು ಒಳಮೂಲೆಯಲ್ಲಿ ಸಂಧಿಸುವ ಜಾಗ ಕಣ್ಣಿಡಬೇಕಾದದ್ದು. ತಿರುಗುವ ಉಪಕರಣ ಮೂಲೆಯನ್ನು ಗುಂಡಾಗಿಸಿಬಿಡುತ್ತದೆ; ಚೂಪಾದ ಒಳಮೂಲೆ ಕೈಯಿಂದ ಅರ ಹಿಡಿದು ಮಾಡಿದ್ದೇ ಆಗಿರಬೇಕು. ಜರ್ಮನಿಯ ಆ. ಲಾಂಗೆ ಉಂಡ್ ಝೋನೆ ವಾಚಿನಲ್ಲಿ ಬ್ಯಾಲೆನ್ಸ್ ಚಕ್ರವನ್ನು ಹಿಡಿದಿರುವ ಪುಟ್ಟ ತುಂಡಿನ ಮೇಲೆ ಹೂಬಳ್ಳಿಯನ್ನು ಕೈಯಿಂದ ಕೆತ್ತುತ್ತಾರೆ, ಹಾಗಾಗಿ ಯಾವ ಎರಡೂ ಒಂದೇ ಥರ ಇರುವುದಿಲ್ಲ. ಅಲ್ಲಿ ವಾಚನ್ನು ಒಮ್ಮೆ ಪೂರ್ತಿ ಜೋಡಿಸಿ, ಪರೀಕ್ಷಿಸಿ, ಮತ್ತೆ ಬಿಚ್ಚಿ, ಕೊನೆಯ ಅಲಂಕಾರ ಮುಗಿಸಿ ಎರಡನೆಯ ಸಲ ಜೋಡಿಸುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಹಿಡಿತದ ಪೂರ್ವ ಜರ್ಮನಿಯಲ್ಲಿ ವಶಪಡಿಸಿಕೊಳ್ಳಲಾಗಿದ್ದ ಈ ಮನೆತನದ ಉದ್ಯಮವನ್ನು ವಾಲ್ಟರ್ ಲಾಂಗೆ 1990ರಲ್ಲಿ ಮತ್ತೆ ಶುರು ಮಾಡಿದರು. 1994ರಲ್ಲಿ ಬಂದ ಲಾಂಗೆ 1 ಇಂದಿಗೂ ತಯಾರಾಗುತ್ತಿದೆ.

ಕಿವಿಗೂ ಬೆರಳಿಗೂ ಸುಖವಿದೆ. ಗಂಟೆಗೆ 18,000 ಬಡಿತದ ಹಳೆ ಯಂತ್ರ ಸೆಕೆಂಡಿಗೆ ಐದು ಸಲ, 28,800ರದ್ದು ಎಂಟು ಸಲ ಟಿಕ್ ಎನ್ನುತ್ತದೆ. ಕಿವಿಗೆ ಹಿಡಿದರೆ ಮೊದಲನೆಯದು ನಡಿಗೆ, ಎರಡನೆಯದು ಓಟ. ಕೀ ಕೊಡುವ ವಾಚಿದ್ದರೆ ಬೆಳಿಗ್ಗೆ ಹೊತ್ತು ಗೊತ್ತುಮಾಡಿಕೊಂಡು ಕೈಯಿಂದ ಬಿಚ್ಚಿ ಕೀ ಕೊಡಿ. ತೊಟ್ಟಂತೆಯೇ ಕೊಟ್ಟರೆ ಕೀ ಗುಂಡಿಯಿಂದ ಯಂತ್ರಕ್ಕೆ ಹೋಗುವ ಕೀಕಡ್ಡಿ ಓರೆ ಎಳೆತಕ್ಕೆ ಸವೆಯುತ್ತದೆ. ಮೂವತ್ತು ನಲವತ್ತು ಸುತ್ತಿನ ನಂತರ ಬಿಗಿ ಸಿಕ್ಕಾಗ ನಿಲ್ಲಿಸಿ. ಆಟೊಮ್ಯಾಟಿಕ್‌ಗೆ ಆ ಬಿಗಿ ಸಿಗುವುದಿಲ್ಲ, ಒಳಗೆ ಸ್ಪ್ರಿಂಗ್ ಜಾರುವ ಏರ್ಪಾಡಿದೆ.

ಪ್ರಶ್ನೆ: ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕಟ್ಟಿತು, ಬಿಸಿಲಿಗಿಟ್ಟಾಗ ಹೋಯಿತು. ಚರ್ಮದ ಬೆಲ್ಟಿಗೆ ಬೂಷ್ಟು ಬಂದಿದೆ. ವಾಚಿನ ಮೇಲೆ 50 ಮೀಟರ್ ಎಂದಿದೆ. — ಮಂಗಳೂರಿನ ಓದುಗರು

ಮಂಜು ಹೋಗಿದೆ, ನೀರು ಹೋಗಿಲ್ಲ. ಬಿಸಿಲಿಗೆ ಆವಿಯಾದದ್ದು ಒಳಗೇ ಇದ್ದು, ತಂಪಾದಾಗ ಯಂತ್ರದ ಉಕ್ಕಿನ ಭಾಗಗಳ ಮೇಲೆ ಕೂರುತ್ತದೆ. ಮೊದಲು ತುಕ್ಕು ಹಿಡಿಯುವುದು ಕೀಕಡ್ಡಿ ಮತ್ತು ಅದರ ಸುತ್ತಲಿನ ಸಣ್ಣ ಸನ್ನೆಗಳಿಗೆ, ಏಕೆಂದರೆ ನೀರು ಹೆಚ್ಚಾಗಿ ನುಗ್ಗುವ ದಾರಿಯೇ ಕ್ರೌನ್, ಅಂದರೆ ಕೀ ಕೊಡುವ ಗುಂಡಿ. ಇನ್ನು ಕಾಯಬೇಡಿ, ಒಂದೆರಡು ದಿನದೊಳಗೆ ಬಿಚ್ಚಿಸಿ ಒಣಗಿಸಿ. ಉಪ್ಪುನೀರು ಹೊಕ್ಕಿದ್ದರೆ ಅದೇ ದಿನ. ಹೇರ್ ಡ್ರೈಯರ್ ಹಿಡಿಯುವುದು, ಅಕ್ಕಿಯಲ್ಲಿ ಹೂಳುವುದು ಎರಡೂ ಬೇಡ. ಅಕ್ಕಿಯ ಧೂಳು ಹೊಸ ತೊಂದರೆ ತರುತ್ತದೆ.

50 ಮೀಟರ್ ಎಂಬುದು ಹೊಸ ವಾಚನ್ನು ಅಲುಗಾಡದ ನೀರಿನ ಒತ್ತಡದಲ್ಲಿಟ್ಟು ನೋಡಿದ ಅಂಕಿ. ಕೈ ತೊಳೆಯಲು, ಮಳೆ ಹನಿಗೆ ಸಾಕು. ಈಜಲು 100 ಮೀಟರ್, ತಿರುಗಿಸಿ ಬಿಗಿಯುವ ಕ್ರೌನ್ ಇರಲಿ. ಸಮುದ್ರಕ್ಕೆ ಇಳಿಯುವವರಿಗೆ 200. ಬಿಸಿನೀರಿನ ಸ್ನಾನಕ್ಕೆ ಯಾವ ವಾಚೂ ಬೇಡ. ಶಾಖಕ್ಕೆ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ, ಸೋಪು ಅದನ್ನು ಒಣಗಿಸುತ್ತದೆ. ಕರಾವಳಿಯಲ್ಲಿರುವವರು ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒತ್ತಡ ಪರೀಕ್ಷೆ ಮಾಡಿಸಿ. ಹಿಂಬದಿ ಮುಚ್ಚಳ ತೆಗೆದಾಗಲೆಲ್ಲ ಗ್ಯಾಸ್ಕೆಟ್ ಬದಲಿಸಿ ಎಂದು ಬಾಯಿಬಿಟ್ಟು ಹೇಳಿ. ಬ್ಯಾಟರಿ ಹಾಕಿಸಿಕೊಂಡು ಬಂದ ಮೇಲೆ ನೀರು ಹೊಕ್ಕ ವಾಚುಗಳಿಗೆ ಲೆಕ್ಕವಿಲ್ಲ.

ರಿಪೇರಿ ಆದ ಮೇಲೆ ಒಳಗೆ ತೇವ ಉಳಿದಿದೆಯೇ ಎಂದು ಮನೆಯಲ್ಲೇ ನೋಡಬಹುದು. ವಾಚನ್ನು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಇಟ್ಟು, ಒಂದು ನಿಮಿಷದ ನಂತರ ಒರೆಸಿ. ಹನಿಯಿದ್ದ ಜಾಗದ ಒಳಮೈಯಲ್ಲಿ ಮಂಜು ಕಂಡರೆ ಕೆಲಸ ಸರಿಯಾಗಿಲ್ಲ.

ಬೆಲ್ಟಿನ ಬೂಷ್ಟನ್ನು ಒಣಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಗಾಳಿಗಿಡಿ. ಒಳಪದರಕ್ಕೆ ಇಳಿದಿದ್ದರೆ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ತೆಗೆದು ರಬ್ಬರ್ ಅಥವಾ ಸ್ಟೀಲಿಗೆ ಬದಲಿಸುವುದೇ ವಾಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಒಳಗಿನ ತೇವಾಂಶ ಶೇ 40ರಿಂದ 55ರ ನಡುವೆ ಇರಲಿ. ನೂರಿಪ್ಪತ್ತು ರೂಪಾಯಿಯ ಪೊಟ್ಟಣ ಲಕ್ಷದ ವಾಚನ್ನು ಕಾಯುತ್ತದೆ.

ಪ್ರಶ್ನೆ: ತಂದೆಯವರ ಎಚ್‌ಎಂಟಿ ಜನತಾ ಇದೆ, ತಾತನ ಫೇವರ್ ಲ್ಯೂಬಾ ಇದೆ. ದುಬಾರಿ ವಾಚುಗಳ ಸಂಗ್ರಹದಲ್ಲಿ ಇವಕ್ಕೆ ಜಾಗವುಂಟೇ? ಆನ್‌ಲೈನಿನಲ್ಲಿ ಇಂಥವು ಬಣ್ಣಬಣ್ಣವಾಗಿ ಅಗ್ಗಕ್ಕೆ ಸಿಗುತ್ತಿವೆ, ಕೊಳ್ಳಬಹುದೇ? — ತುಮಕೂರಿನ ಓದುಗರು

ಮೊದಲ ಸಾಲಿನಲ್ಲೇ ಜಾಗವುಂಟು. ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. ನಿಮ್ಮೂರಿನ ಕಾರ್ಖಾನೆಯೂ ದಶಕಗಳ ಕಾಲ ವಾಚು ಕೊಟ್ಟಿತು. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿದ ಮೇಲೆ ಆ ಜಾಗ ಇಸ್ರೊಗೆ ಹೋಯಿತು. ಜನತಾ, ಸವೆತ ತಡೆಯುವ 17 ಕಲ್ಲಿನ, ಕೈಯಿಂದ ಕೀ ಕೊಡುವ, ಗಂಟೆಗೆ 18,000 ಬಡಿತದ ಗಟ್ಟಿ ಯಂತ್ರ. ಸರಿಯಾಗಿ ಸರ್ವಿಸ್ ಆದರೆ ದಿನಕ್ಕೆ ಅರ್ಧ ನಿಮಿಷದೊಳಗೆ ನಡೆಯುತ್ತದೆ. ಫೇವರ್ ಲ್ಯೂಬಾ ಸ್ವಿಸ್ ಮನೆ, 19ನೇ ಶತಮಾನದಿಂದಲೇ ಮುಂಬಯಿಯಲ್ಲಿ ವ್ಯಾಪಾರವಿತ್ತು. ಸೀ ಚೀಫ್, ಸೀ ಕಿಂಗ್ ಮಾದರಿಗಳು ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿವೆ. 1962ರ ಬಿವ್ವಾಕ್ ಎತ್ತರ ಅಳೆಯುವ ವಾಯುಭಾರ ಮಾಪಕವನ್ನು ಕೈಗಡಿಯಾರದೊಳಗೆ ತಂದ ಮೊದಲ ಮೆಕ್ಯಾನಿಕಲ್ ವಾಚು.

ಆನ್‌ಲೈನಿನ ಬಣ್ಣಬಣ್ಣದವನ್ನು ಕೊಳ್ಳಬೇಡಿ. ಹಳೆ ಡಯಲ್ಲನ್ನು ಉಜ್ಜಿ, ಮೇಲೆ ಹೊಸ ಬಣ್ಣ ಬಳಿದು, ಸಿಕ್ಕಿದ ಕೇಸಿಗೆ ಸಿಕ್ಕಿದ ಯಂತ್ರ ಹಾಕಿರುತ್ತಾರೆ. ಲೂಪ್ ಹಿಡಿದರೆ ಗೊತ್ತಾಗುತ್ತದೆ: ಅಕ್ಷರದ ಅಂಚಿನಲ್ಲಿ ಶಾಯಿ ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಕೂಡುವುದಿಲ್ಲ, ದಿನಾಂಕದ ಕಿಟಕಿಯ ಅಂಚು ಬಣ್ಣ ತುಂಬಿ ಮೊಂಡಾಗಿರುತ್ತದೆ. ಡಯಲ್ ಹೊಚ್ಚಹೊಸದು, ಕೇಸು ಸವೆದಿದೆ ಎಂದರೆ ಅನುಮಾನಿಸಿ. ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪಾರಂಪರಿಕ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಅಸಲಿ ಡಯಲ್ಲುಗಳನ್ನು ಕಣ್ತುಂಬ ನೋಡಿಬನ್ನಿ. ನಕಲಿ ಗುರುತಿಸಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ತಂದೆಯವರ ವಾಚಿನ ಡಯಲ್ ಎಷ್ಟೇ ಮಾಸಿದ್ದರೂ ಹೊಸ ಬಣ್ಣ ಹಾಕಿಸಬೇಡಿ. ರಿಪೇರಿಯವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ನೀವು ಬೇಡ ಎನ್ನಿ. ಅದು ಹೋದರೆ ಮರಳಿ ಬರುವುದಿಲ್ಲ. ಗೀಚು ಬಿದ್ದ ಪ್ಲಾಸ್ಟಿಕ್ ಗಾಜನ್ನು ಪಾಲಿಶ್ ಪೇಸ್ಟಿನಿಂದ ಐದು ನಿಮಿಷ ವೃತ್ತಾಕಾರವಾಗಿ ಉಜ್ಜಿದರೆ ಸಾಕು, ಸೀಳಿದ್ದರೆ ಮಾತ್ರ ಬದಲಿಸಿ. ಇನ್ನೊಂದು ಎಚ್ಚರ: 1960ರ ದಶಕದ ಮತ್ತು ಅದಕ್ಕೂ ಮೊದಲಿನ, ಕತ್ತಲಲ್ಲಿ ಹೊಳೆಯುವ ಸ್ವಿಸ್ ವಾಚುಗಳಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು. ತೊಡಬಹುದು, ಮನೆಯಲ್ಲಿ ಬಿಚ್ಚಿ ಕೆರೆಯಬಾರದು. ಆ ಪುಡಿ ಉಸಿರಿಗೆ ಸೇರಿದರೆ ಅಪಾಯ.

ಪ್ರಶ್ನೆ: 2015ರ ರೋಲೆಕ್ಸ್ ಸಬ್‌ಮರೀನರ್ ಎಂದು ಒಬ್ಬರು ಮಾರುತ್ತಿದ್ದಾರೆ. ಬಾಕ್ಸು, ಕಾರ್ಡು ಇದೆಯಂತೆ. ಏನೇನು ನೋಡಬೇಕು? — ಬೆಂಗಳೂರಿನ ಓದುಗರು

ದಿನಾಂಕವಿರುವ ಕಪ್ಪು ಸ್ಟೀಲ್ ಮಾದರಿಯಾದರೆ ಅದು 116610 ಸಂಖ್ಯೆಯದಿರಬೇಕು. 2010ರಿಂದ 2020ರವರೆಗೆ ಬಂದದ್ದು, 40 ಮಿ.ಮೀ., ಒಳಗೆ 3135 ಯಂತ್ರ. 41 ಮಿ.ಮೀ. ಎಂದರೆ ಅದು 2020ರ ನಂತರದ್ದು, ಮಾರುವವರ ಮಾತು ತಪ್ಪು. 2010ರ ಸುಮಾರಿನಿಂದ ರೋಲೆಕ್ಸ್ ಸರಣಿ ಸಂಖ್ಯೆಗಳು ಯಾವ ಕ್ರಮಕ್ಕೂ ಸೇರದವು. ಸಂಖ್ಯೆ ನೋಡಿ ವರ್ಷ ಹೇಳಿದರೆ ನಂಬಬೇಡಿ, ವರ್ಷ ಹೇಳುವುದು ಕಾರ್ಡು ಮಾತ್ರ. ಗಾಜಿನ ಕೆಳಗಿನ ಒಳಉಂಗುರದ ಮೇಲೆ ಆರು ಗಂಟೆಯ ಬಳಿ ಕೆತ್ತಿರುವ ಸರಣಿ ಸಂಖ್ಯೆ ಕಾರ್ಡಿನದಕ್ಕೆ ಒಂದಂಕಿಯೂ ತಪ್ಪದೆ ಹೊಂದಬೇಕು. ದಿನಾಂಕದ ಮೇಲಿನ ಉಬ್ಬುಗಾಜು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸಿ ಕಿಟಕಿಯನ್ನು ತುಂಬಬೇಕು. ಮಧ್ಯರಾತ್ರಿಗೆ ದಿನಾಂಕ ಒಮ್ಮೆಲೇ ಜಿಗಿಯಬೇಕು, ತೆವಳಬಾರದು.

ಇಷ್ಟೂ ಸರಿಯಿದ್ದೂ ವಾಚು ನಕಲಿಯಾಗಿರಬಹುದು. ಈಚಿನ ನಕಲಿಗಳು ಯಂತ್ರವನ್ನೂ ಅನುಕರಿಸುತ್ತವೆ. ಹಾಗಾಗಿ ಹಿಂಬದಿ ತೆಗೆಸಿ ನೋಡದೆ ಹಣ ಕೊಡಬೇಡಿ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ, ಮಾರುವವರ ಎದುರಿಗೇ, ತಪಾಸಣೆಗೆ ಕೊಡಿ. ಒಪ್ಪದವರಿಂದ ಕೊಳ್ಳಬೇಡಿ. ದೊಡ್ಡ ಹರಾಜು ಮನೆಗಳೂ ಮೋಸಹೋಗುತ್ತವೆ: 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆಗೆ ಹೋದ ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ ಬೇರೆ ಬೇರೆ ವಾಚುಗಳ ಭಾಗ ಕೂಡಿಸಿದ್ದೆಂದು 2023ರಲ್ಲಿ ಬಯಲಾಯಿತು.

ಅಸಲಿಯೇ ಆದರೂ ಸ್ಥಿತಿ ನೋಡಿ. ಲಗ್‌ಗಳನ್ನು ಮೇಲಿಂದ ನೋಡಿದಾಗ ನಾಲ್ಕೂ ಒಂದೇ ದಪ್ಪ ಇರಬೇಕು, ಅಂಚುಗಳು ಚೂಪಾಗಿರಬೇಕು; ಪದೇಪದೇ ಪಾಲಿಶ್ ಆದದ್ದು ಸೋಪಿನ ತುಂಡಿನಂತೆ ದುಂಡಾಗಿರುತ್ತದೆ. ಗೀಚುಗಳಿರುವ, ಪಾಲಿಶ್ ಕಾಣದ ವಾಚು ಥಳಥಳಿಸುವುದಕ್ಕಿಂತ ಉತ್ತಮ. ಚೈನಿನ ಸವೆತ ತಿಳಿಯಲು, ವಾಚನ್ನು ಅಡ್ಡ ಹಿಡಿದು ಚೈನು ಎಷ್ಟು ಜೋಲುತ್ತದೆ ನೋಡಿ. ಸರ್ವಿಸ್ ರಸೀದಿ ಇಲ್ಲದಿದ್ದರೆ ಒಂದು ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಎರಡು ಲಕ್ಷ ಮೀರಿದ ಬಿಲ್ಲಿಗೆ ಪ್ಯಾನ್ ಬೇಕು. ಅಂಗಡಿಯಿಂದ ಹತ್ತು ಲಕ್ಷ ಮೀರಿದ ವಾಚು ಕೊಂಡರೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ. ಅದು ಹೆಚ್ಚುವರಿ ತೆರಿಗೆಯಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು.

ಪ್ರಶ್ನೆ: ಸ್ಟೀಲ್ ಸ್ಪೋರ್ಟ್ಸ್ ವಾಚುಗಳು ಚಿನ್ನಕ್ಕಿಂತ ಹೆಚ್ಚು ಏರುತ್ತವಂತೆ. ಹೂಡಿಕೆಗೆ ಕೊಳ್ಳಬಹುದೇ? — ಬೆಳಗಾವಿಯ ಓದುಗರು

ಬೇಡ. ಪಾಟೆಕ್ ಫಿಲಿಪ್ ತನ್ನ ಸ್ಟೀಲ್ ನಾಟಿಲಸ್ 5711 ಮಾದರಿಯನ್ನು 2021ರಲ್ಲಿ ನಿಲ್ಲಿಸುತ್ತಿದ್ದಂತೆ ಅದರ ಮರುಮಾರಾಟದ ಬೆಲೆ ಗಗನಕ್ಕೇರಿತು. 2022ರ ಮೊದಲ ತಿಂಗಳುಗಳ ನಂತರ ಅದೂ, ಅದರಂಥವೂ ಸರಸರನೆ ಇಳಿದವು. ತುದಿಯಲ್ಲಿ ಕೊಂಡವರಿಗೆ ದೊಡ್ಡ ಪೆಟ್ಟು. ಏರಿದಾಗಲೂ ವ್ಯಾಪಾರಿ ಕೊಳ್ಳುವ ಬೆಲೆ, ಮಾರುವ ಬೆಲೆಗಳ ಅಂತರ, ಸರ್ವಿಸ್, ವಿಮೆ ಕಳೆದರೆ ಉಳಿಯುವುದು ಅಲ್ಪ. ಸಮಾರಂಭಗಳಿಗೆ ತೊಡುವ, ಚಿನ್ನದ ಕೇಸಿನ ಡ್ರೆಸ್ ವಾಚುಗಳಂತೂ ಬಹುಪಾಲು ಅಂಗಡಿ ದಾಟುತ್ತಿದ್ದಂತೆಯೇ ಬೆಲೆ ಕಳೆದುಕೊಳ್ಳುತ್ತವೆ. ಅದೇ ಕಾರಣಕ್ಕೆ, ತೊಡಲು ಆಸೆಯಿದ್ದವರಿಗೆ, ಬಳಸಿದ ಡ್ರೆಸ್ ವಾಚು ಒಳ್ಳೆಯ ಖರೀದಿ. ಜೇಗರ್-ಲಕುಲ್ತ್ರ್‌ನ ರಿವರ್ಸೊ ನೋಡಿ: ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೊ ಆಡುವಾಗ ಗಾಜು ಒಡೆಯುತ್ತದೆಂದು ದೂರಿದ್ದರಿಂದ ಹುಟ್ಟಿದ, ಮಗುಚಿ ಇಡಬಹುದಾದ ವಾಚು, 1931ರದ್ದು. ಬಳಸಿದ್ದು ಕೊಳ್ಳುವಾಗ ಮಗುಚುವ ತಟ್ಟೆ ಕಟಕ್ ಎಂದು ಗಟ್ಟಿಯಾಗಿ ಕೂರುತ್ತದೆಯೇ, ಆಡುತ್ತದೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ದಾವಣಗೆರೆಯಲ್ಲಿರುವ ಅಪ್ಪನಿಗೆ ಇಲ್ಲಿಂದ ವಾಚು ತರಬೇಕೆಂದಿದ್ದೇನೆ. ಕೈಗೆ ಕಟ್ಟಿಕೊಂಡು ಬಂದರೆ ಸುಂಕವಿಲ್ಲ ಎನ್ನುತ್ತಾರೆ, ನಿಜವೇ? — ದುಬೈಯ ಓದುಗರು

ನಿಜವಲ್ಲ. ಹೊಸ ವಾಚು ಕೈಯಲ್ಲಿದ್ದರೂ ಪೆಟ್ಟಿಗೆಯಲ್ಲಿದ್ದರೂ ವಿನಾಯಿತಿ ಮಿತಿ ಮೀರಿದ ಮೌಲ್ಯಕ್ಕೆ ಸುಂಕವುಂಟು. ಕೆಂಪು ಮಾರ್ಗದಲ್ಲಿ ಹೋಗಿ, ಅಸಲಿ ರಸೀದಿ ತೋರಿಸಿ, ಸುಂಕ ಕಟ್ಟಿ, ಆ ಚೀಟಿಯನ್ನು ವಾಚಿನ ಕಾಗದಗಳೊಡನೆ ಇಡಿ. ಮಿತಿಯೂ ದರವೂ ಬದಲಾಗುತ್ತಿರುತ್ತವೆ, ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಘೋಷಿಸದೆ ಸಿಕ್ಕಿಬಿದ್ದರೆ ಜಪ್ತಿ, ದಂಡ ಎರಡೂ ಆಗಬಹುದು. ಮೊಸಳೆ ಚರ್ಮದ ಬೆಲ್ಟಿನದನ್ನು ಬಿಡಿ, ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಕಾಗದ ಕೇಳುತ್ತಾರೆ. ಅಪ್ಪನ ಮಣಿಕಟ್ಟಿನ ಅಳತೆ ಮೊದಲೇ ತರಿಸಿಕೊಂಡು ಚೈನನ್ನು ಅಲ್ಲೇ ಹೊಂದಿಸಿ, ತೆಗೆದ ಕೊಂಡಿಗಳನ್ನು ಜೊತೆಗೆ ತನ್ನಿ. ಇನ್ನು ಭಾರತದಿಂದ ತೊಟ್ಟು ಹೋಗುವ ದುಬಾರಿ ವಾಚಿಗೆ, ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಮರಳುವಾಗ ವಾದವಿರುವುದಿಲ್ಲ.

ಪ್ರಶ್ನೆ: ಐದು ಆಟೊಮ್ಯಾಟಿಕ್ ಇವೆ. ವಾಚನ್ನು ತಿರುಗಿಸುತ್ತ ಕೀ ತುಂಬುವ ವೈಂಡರ್ ಪೆಟ್ಟಿಗೆ ಬೇಕೇ? — ಶಿವಮೊಗ್ಗದ ಓದುಗರು

ಸಾದಾ ವಾಚುಗಳಿಗೆ ಬೇಕಿಲ್ಲ, ನಿಂತಿರಲಿ. ನಿಂತ ವಾಚು ಸವೆಯುವುದಿಲ್ಲ. ತಿಂಗಳಿಗೊಮ್ಮೆ ಕೀ ಕೊಟ್ಟು ಒಂದು ದಿನ ಓಡಿಸಿದರೆ ಏನು ಹದಗೆಟ್ಟಿದೆ ಎಂಬುದು ಮುಂಚೆಯೇ ತಿಳಿಯುತ್ತದೆ. ಪರ್ಪೆಚುವಲ್ ಕ್ಯಾಲೆಂಡರ್ ಇದ್ದರೆ ಮಾತ್ರ ವೈಂಡರ್ ಉಪಯೋಗಕ್ಕೆ ಬರುತ್ತದೆ: ಓಡುತ್ತಿರುವಷ್ಟು ಕಾಲ 2100ರವರೆಗೆ ದಿನಾಂಕ ತಿದ್ದಬೇಕಿಲ್ಲ, ನಿಂತರೆ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ದಿನಕ್ಕೆ 650ರಿಂದ 800 ಸುತ್ತು ಸಾಕು, ಯಾವ ದಿಕ್ಕಿಗೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ.

ನಿಂತ ವಾಚನ್ನು ಮತ್ತೆ ಹೊಂದಿಸುವಾಗ ಒಂದು ಕ್ರಮ ರೂಢಿಸಿಕೊಳ್ಳಿ. ಮೊದಲು ಇಪ್ಪತ್ತು ಸುತ್ತು ಕೀ. ನಂತರ ಮುಳ್ಳುಗಳನ್ನು ತಿರುಗಿಸುತ್ತ ದಿನಾಂಕ ಬದಲಾಗುವುದನ್ನು ನೋಡಿ, ಅದು ಮಧ್ಯರಾತ್ರಿ. ಅಲ್ಲಿಂದ ಮುಂದೆ ಬೆಳಿಗ್ಗೆ ಆರೂವರೆಗೆ ತನ್ನಿ. ಆಮೇಲೆ ದಿನಾಂಕವನ್ನು ನಿನ್ನೆಯದಕ್ಕೆ ಇಡಿ. ಕಡೆಗೆ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ ಇಂದಿನ ದಿನಾಂಕ ಬರಿಸಿ, ಈಗಿನ ಗಂಟೆಗೆ ನಿಲ್ಲಿಸಿ. ರಾತ್ರಿ ಒಂಬತ್ತರಿಂದ ಮೂರರವರೆಗೆ ದಿನಾಂಕದ ಹಲ್ಲುಚಕ್ರಗಳು ಕಚ್ಚಿಕೊಂಡಿರುತ್ತವೆ. ಆ ಹೊತ್ತಿನಲ್ಲಿ ದಿನಾಂಕ ತಿದ್ದಿದರೆ ಹಲ್ಲು ಮುರಿಯುತ್ತದೆ. ಬದಲಿಸಲು ಪೂರ್ತಿ ವಾಚು ಬಿಚ್ಚಬೇಕಾಗುತ್ತದೆ.